ನೂರು ಮೀಟರಿನೊಳಗಿನ ಮನೆ

ಅಂಕೋಲೆಯ ಬಂಡಿ ಹಬ್ಬ ಮುಗಿದು ವಾರವಾಗಿದೆ. ಅಗಸೂರಿನಲ್ಲಿ, ಗಂಗಾವಳಿಗೆ ಹತ್ತಿರದ ಒಂದು ಮನೆ. ಮಳೆ ಹಿಡಿಯುವುದರೊಳಗೆ ಮಾಡಿನ ಹಂಚು ಸರಿಮಾಡಲು ಇಬ್ಬರು ಆಳು ಮೇಲೆ ಹತ್ತಿದ್ದಾರೆ. ಜಗಲಿಯಲ್ಲಿ ಕೂತವರು ಮನೆಯ ಯಜಮಾನಿ, ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರು. ಎದುರಿಗೆ ಅವರ ಹಳೆಯ ವಿದ್ಯಾರ್ಥಿ; ಊರು ಬಿಟ್ಟು ಹೋಗಿ ಹಳೆಯ ಕಟ್ಟಡಗಳ ದುರಸ್ತಿಗೆ ನಕ್ಷೆ ಮಾಡುವ ಕೆಲಸ ಹಿಡಿದವನು. ನಡುವೆ ತಾಟಿನಲ್ಲಿ ಹೆಚ್ಚಿಟ್ಟ ಕರಿ ಇಶಾಡ ಮಾವು.

– ಹಣ್ಣು ತಿನ್ನು ತಮಾ. ಮೇಲಿನವರು ಒಂದು ಒಡಕು ಹಂಚು ಇಳಿಸಿ ಕೊಟ್ಟರು, ನೋಡು. ಬೆನ್ನಿನ ಮೇಲೆ 1865 ಅಂತ ಅಚ್ಚಿದೆ. ಮನೆಗೆ ನೂರಾ ಅರವತ್ತು ವರ್ಷ ಆಯ್ತು ಅಂತ ಅವರ ಲೆಕ್ಕ.

– ಅದು ಮನೆಯ ಇಸವಿ ಅಲ್ಲ ಅಕ್ಕೋರೆ, ಕಾರ್ಖಾನೆಯದು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮುಂದೆ ಎಷ್ಟು ವರ್ಷ ಹಂಚು ಸುಟ್ಟರೂ ಅಚ್ಚಿನಲ್ಲಿ ಅದೇ ಇಸವಿ. ಮನೆಯ ವಯಸ್ಸು ಕೇಳಬೇಕಾದರೆ ಈ ಮುಂಡಿಗೆಯ ಕೆತ್ತನೆ, ಪಕಾಸಿ ಕೂಡಿಸಿದ ರೀತಿ, ಗೋಡೆಯ ಗಾರೆ, ಇವನ್ನ ಕೇಳಬೇಕು.

– ಏನು ಹೇಳ್ತವೆ?

– ನೂರು ದಾಟಿದೆ ಅಂತ ಹೇಳ್ತವೆ.

– ಸಾಕು. ನಿನ್ನ ಕರೆಸಿದ್ದು ಈ ಮನೆಯ ಸಲುವಾಗಿ ಅಲ್ಲ, ನನ್ನ ತವರಿನ ಮನೆಯ ಸಲುವಾಗಿ. ಘಟ್ಟದ ಮೇಲೆ, ಹಳೇ ದೇವಸ್ಥಾನದ ರಥಬೀದಿಯಲ್ಲಿದೆ. ದೇವಸ್ಥಾನ ಕೇಂದ್ರ ಸರಕಾರ ಕಾಯುವಂಥದ್ದು, ಮುಂದೆ ನೀಲಿ ಬೋರ್ಡು ನೆಟ್ಟಿದ್ದಾರೆ. ಊರಿನ ಹೆಸರು, ಕಚೇರಿಯ ಹೆಸರು ಬೇಡ, ಯಾರನ್ನೂ ಬೆರಳು ಮಾಡಿ ತೋರಿಸೋದು ನನಗೆ ಬೇಕಾಗಿಲ್ಲ. ಮೂರು ಮಳೆಗಾಲದ ಹಿಂದೆ ಬಡಗಣ ಗೋಡೆ ಕೂತುಬಿಡ್ತು. ಮಣ್ಣಿನ ಗೋಡೆ. ತಮ್ಮ ಅರ್ಜಿ ಕೊಟ್ಟ. ಇವತ್ತಿಗೂ ಆಗಲಿ ಅಂತಲೂ ಇಲ್ಲ, ಆಗೋದಿಲ್ಲ ಅಂತಲೂ ಇಲ್ಲ. ಗೋಡೆ ಇದ್ದಲ್ಲಿ ತಾಡಪಾಲು ಕಟ್ಟಿಕೊಂಡು ಕೂತಿದ್ದಾನೆ. ಪಕ್ಕದ ಮನೆಯವರು ಯಾರನ್ನೂ ಕೇಳಲಿಲ್ಲ. ಸಾಲು ರಜೆ ನೋಡಿಕೊಂಡು ಸಿಮೆಂಟು ಬ್ಲಾಕಿನಲ್ಲಿ ಏರಿಸಿ ಮೇಲೆ ಸ್ಲ್ಯಾಬೂ ಹಾಕಿಬಿಟ್ಟರು. ಕೇಳಿದವನಿಗೆ ಗೋಡೆ ಇಲ್ಲ, ಕೇಳದವರಿಗೆ ಮಾಳಿಗೆ. ಕೇಳಿ ಮಾಡಬೇಕು ಅಂತ ಇಷ್ಟು ವರ್ಷ ಮಕ್ಕಳಿಗೆ ಹೇಳಿದವಳು ನಾನು. ತಮ್ಮನಿಗೆ ಈಗ ಏನು ಹೇಳಲಿ?

– ದೇವಸ್ಥಾನದಿಂದ ಮನೆ ಎಷ್ಟು ದೂರ?

– ಪೌಳಿಯ ಬಾಗಿಲಿಂದ ಅರವತ್ತು ಹೆಜ್ಜೆ. ಚಿಕ್ಕವಳಿದ್ದಾಗ ಎಣಿಸಿದ್ದೆ.

– ಹಾಗಾದರೆ ನಿಷೇಧಿತ ಪ್ರದೇಶದ ಒಳಗೇ. ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು. ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಅಂತ ಗೆರೆ ಎಳೆದದ್ದು 1992ರ ಜೂನ್ 16ರ ಅಧಿಸೂಚನೆ. 2010ರಲ್ಲಿ ಸಂಸತ್ತು ಆ ಗೆರೆಯನ್ನ ಕಾಯ್ದೆಯೊಳಗೇ ತಂದು ಬಿಗಿ ಮಾಡಿತು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಅಂತ ಹೊಸದೊಂದನ್ನ ರಚಿಸಿತು. ಈಗ ಮೊದಲ ನೂರು ಮೀಟರಿನಲ್ಲಿ ಹೊಸ ಮನೆ ಕಟ್ಟಲಿಕ್ಕೆ ಅವಕಾಶವೇ ಇಲ್ಲ. 1992ರ ಆ ತಾರೀಖಿಗೂ ಮೊದಲು ಇದ್ದ ಮನೆಯನ್ನ ದುರಸ್ತಿ ಮಾಡಿಕೊಳ್ಳಬಹುದು, ಅದಕ್ಕೂ ಅನುಮತಿ ಬೇಕು. ಕೇಳದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

– ದುರಸ್ತಿ ಅಂದರೆ ಎಲ್ಲಿಯ ತನಕ?

– ಇದ್ದ ಕಟ್ಟಡದಲ್ಲಿ ಮಾಡುವ ಬದಲಾವಣೆ ದುರಸ್ತಿ. ಕಟ್ಟೋದು, ಮರಳಿ ಕಟ್ಟೋದು ಅದರಲ್ಲಿ ಸೇರೋದಿಲ್ಲ ಅಂತ ಕಾಯ್ದೆಯೇ ಹೇಳ್ತದೆ.

– ಬಿದ್ದ ಗೋಡೆ ಏಳಿಸೋದು ದುರಸ್ತಿಯೋ, ಮರಳಿ ಕಟ್ಟೋದೋ?

– ನನ್ನ ಕೆಲಸದಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ ಅಕ್ಕೋರೆ. ನಾಲ್ಕರಲ್ಲಿ ಒಂದು ಗೋಡೆ ಬಿದ್ದರೆ ದುರಸ್ತಿ ಅನ್ನಬಹುದು. ನಾಲ್ಕೂ ಬಿದ್ದರೆ ಮರಳಿ ಕಟ್ಟೋದು. ಎರಡು ಬಿದ್ದರೆ? ಗೋಡೆ ಬಿದ್ದು ಮಾಡು ಮುಂಡಿಗೆಯ ಮೇಲೆ ನಿಂತೇ ಇದ್ದರೆ? ಮಣ್ಣಿನ ಗೋಡೆ ಮಳೆಗೆ ಕರಗೋದು, ಬೇಸಿಗೆಯಲ್ಲಿ ಅದನ್ನ ಮತ್ತೆ ಮೆತ್ತೋದು, ಇದು ಘಟ್ಟದ ಮೇಲಿನ ಮನೆಗಳ ಬದುಕಿನ ರೀತಿಯೇ ಆಗಿತ್ತು. ಅದನ್ನ ಕಾಗದದ ಮೇಲಿನ ಎರಡು ಶಬ್ದದಲ್ಲಿ ಸೀಳಲಿಕ್ಕೆ ಬರೋದಿಲ್ಲ. ಯಾರಾದರೂ ಜಾಗಕ್ಕೆ ಬಂದು, ಗೋಡೆ ಮುಟ್ಟಿ ನೋಡಿ ಹೇಳಬೇಕು.

– ಮತ್ತೆ ಅಷ್ಟು ಬಿಗಿ ಮಾಡಿದ್ದು ಯಾಕೆ? ಮೊದಲು ಯಾರೂ ನೋಡಿ ಹೇಳ್ತಿರಲಿಲ್ಲವಾ?

– ಹೇಳ್ತಿದ್ದರು. ಗೆರೆ ಎಳೆದ ಮೇಲೂ ತಜ್ಞರ ಸಮಿತಿಯೊಂದು ಕೂತು, ನೂರು ಮೀಟರಿನೊಳಗೂ ಕೆಲವರಿಗೆ ಆಗಲಿ ಅಂತ ಕೊಡ್ತಿತ್ತು. 2009ರಲ್ಲಿ ದೆಹಲಿ ಹೈಕೋರ್ಟು, ಆ ಸಮಿತಿಗೆ ಕಾನೂನಿನ ಆಧಾರವೇ ಇಲ್ಲ, ಕೊಟ್ಟ ಅನುಮತಿಗಳು ಸಿಂಧು ಅಲ್ಲ ಅಂದಿತು. ಅದರ ಮರುವರ್ಷದ ಕಾಯ್ದೆ ಬಾಗಿಲನ್ನೇ ಹಾಕಿತು. ಕೋರ್ಟು ಹೇಳಿದ್ದರಲ್ಲಿ ತಪ್ಪಿಲ್ಲ. ಕೆಲವರಿಗೆ ಹೌದು, ಕೆಲವರಿಗೆ ಇಲ್ಲ, ಯಾಕೆ ಅಂತ ಬರೆದಿಟ್ಟದ್ದಿಲ್ಲ ಅಂತಾದರೆ ಅದು ನ್ಯಾಯ ಆಗೋದಿಲ್ಲ. ಆದರೆ ಬಾಗಿಲು ಹಾಕಿದ್ದರಿಂದ ದೊಡ್ಡ ಬಿಲ್ಡರನೂ ನಿಮ್ಮ ತಮ್ಮನೂ ಒಂದೇ ಸಾಲಿನಲ್ಲಿ ಹೊರಗೆ ನಿಂತರು.

– ನೂರೇ ಯಾಕೆ? ದೇವಸ್ಥಾನ ದೊಡ್ಡದಿರ್ತದೆ, ಸಣ್ಣದಿರ್ತದೆ.

– ಅದನ್ನೇ 2023ರಲ್ಲಿ ಸಂಸದೀಯ ಸಮಿತಿಯೊಂದು ಕೇಳಿತು. ದೇಶದಲ್ಲಿ ಕೇಂದ್ರದ ಸ್ಮಾರಕಗಳು ಮೂರೂವರೆ ಸಾವಿರಕ್ಕೂ ಮಿಕ್ಕಿ ಇವೆ. ಅಜಂತಾ ಗವಿಗೂ ನೂರು ಮೀಟರ್, ಹೆದ್ದಾರಿ ಬದಿಯ ಹಳೆಯ ಹರದಾರಿ ಕಂಬಕ್ಕೂ ನೂರು ಮೀಟರ್. ಊರಿಗೆ ಊರೇ ಗೆರೆಯೊಳಗೆ ಬರ್ತದೆ, ಇದನ್ನ ಸ್ಮಾರಕ ನೋಡಿ ಹೊಂದಿಸಿ ಅಂತ ಆ ಸಮಿತಿ ಹೇಳಿತು. ನಮ್ಮ ಜಿಲ್ಲೆಯಲ್ಲೇ ನೋಡಿ. ಬನವಾಸಿಯಲ್ಲಿ ಮಧುಕೇಶ್ವರನ ಸುತ್ತ ಮನೆಗಳಿವೆ, ಭಟ್ಕಳದಲ್ಲಿ ಖೇತಪೈ ನಾರಾಯಣ ದೇವಸ್ಥಾನದ ಸುತ್ತ ಮನೆಗಳಿವೆ. ದೇವರು ಒಬ್ಬನೇ ಇರಲಿಲ್ಲ ಅಲ್ಲಿ ಎಂದೂ. ಪೂಜೆಯವರು, ಹೂ ಕಟ್ಟುವವರು, ರಥ ಎಳೆಯುವವರು, ಪೇಟೆಯವರು ಎಲ್ಲ ಸುತ್ತ ಇದ್ದರು.

– ಪ್ರತಿ ಸ್ಮಾರಕಕ್ಕೆ ಬೇರೆ ಬೇರೆ ನಿಯಮ ಮಾಡಲಿಕ್ಕೆ ಬರೋದಿಲ್ಲವಾ?

– ಬರ್ತದೆ. 2010ರ ಕಾಯ್ದೆಯಲ್ಲೇ ಅದಕ್ಕೆ ಜಾಗ ಇದೆ, ಪಾರಂಪರಿಕ ಉಪವಿಧಿ ಅಂತ. ಸ್ಮಾರಕದ ಸುತ್ತಲಿನ ಬೀದಿ ಹೇಗಿದೆ, ಮಾಡಿನ ಎತ್ತರ ಎಷ್ಟು, ಬಣ್ಣ ಯಾವುದು, ಜಗಲಿ ಎಷ್ಟು ಅಗಲ, ಎಲ್ಲ ಸರ್ವೆ ಮಾಡಿ ಆ ಜಾಗಕ್ಕೇ ತಕ್ಕ ನಿಯಮ ಬರೀಬೇಕು. ಬರೆದು ಮುಗಿಸಿದ್ದು ಇಷ್ಟರಲ್ಲಿ ಕೆಲವಕ್ಕೆ ಮಾತ್ರ. ಉಳಿದ ಕಡೆ ಇನ್ನೂ ಟೇಪೇ ಆಡಳಿತ ಮಾಡ್ತಿದೆ.

– ಟೇಪಿಗೆ ಕಣ್ಣಿಲ್ಲ.

– ಗೆರೆಯ ಹೊರಗೂ ಅದಕ್ಕೆ ಕಣ್ಣಿಲ್ಲ, ಅದನ್ನೂ ಹೇಳಬೇಕು. ನಿಮ್ಮ ತವರಿನ ಬೀದಿಯಲ್ಲಿ ಮೊಳೆ ಹೊಡೆಯಲಿಕ್ಕೂ ಹೆದರಿಕೆ. ಇಲ್ಲಿ, ಅಗಸೂರಿನಲ್ಲಿ, ಅಂಕೋಲೆ ಪೇಟೆಯಲ್ಲಿ, ನಾಳೆ ಬೆಳಿಗ್ಗೆ ಜೆಸಿಬಿ ತಂದು ನೂರು ವರ್ಷದ ಮನೆ ನೆಲಸಮ ಮಾಡಿದರೂ ಯಾಕೆ ಅಂತ ಕೇಳುವವರಿಲ್ಲ. ಲೈಸೆನ್ಸಿಗೆ ಹೊಸ ಮನೆಯ ನಕ್ಷೆ ಕೇಳ್ತಾರೆ. ಕೆಡವುವ ಮನೆಯ ಒಂದು ಫೋಟೋ ಕೇಳಿದ್ದನ್ನ ನಾನು ಕಾಣೆ.

– ನಿಜ. 1930ರ ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದದ್ದನ್ನ ಪ್ರತಿ ವರ್ಷ ಪಾಠ ಮಾಡ್ತಿದ್ದೆ. ಮಕ್ಕಳು ಕೇಳ್ತಿದ್ದರು, ಅಕ್ಕೋರೆ, ಅವರೆಲ್ಲ ಯಾವ ಮನೆಯಲ್ಲಿ ಸೇರಿದ್ದರು, ತೋರಿಸಿ ಅಂತ. ಬೀದಿ ತೋರಿಸ್ತಿದ್ದೆ. ತೋರಿಸಲಿಕ್ಕೆ ಮನೆ ವರ್ಷಕ್ಕೊಂದು ಕಡಿಮೆ ಆಯ್ತು. ಕಾರವಾರದಲ್ಲೂ ಅಷ್ಟೇ. ಟಾಗೋರರು ಹರೆಯದಲ್ಲಿ ಅಣ್ಣನ ಜೊತೆ ಬಂದು ಉಳಿದ ಊರು ಅಂತ ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೇವೆ. 1862ರಲ್ಲಿ ನಮ್ಮ ಜಿಲ್ಲೆ ಮುಂಬೈ ಇಲಾಖೆಗೆ ಸೇರಿದ ಮೇಲೆ ಅಲ್ಲಿ ಎದ್ದ ಬಂಗಲೆ, ಕಚೇರಿಗಳಲ್ಲಿ ಎಷ್ಟು ನಿಂತಿವೆ, ಯಾವುದು ಯಾವ ಸ್ಥಿತಿಯಲ್ಲಿದೆ ಅಂತ ಊರವರ ಕೈಯಲ್ಲಿ ಒಂದು ಪಟ್ಟಿ ಇದೆಯಾ? ಹೆದ್ದಾರಿ ಅಗಲ ಮಾಡುವಾಗ ಜಗಲಿ ಕಳಕೊಂಡ ಮನೆಗಳನ್ನ ನೀನೂ ನೋಡಿದ್ದೀ. ಮುಖ ಕೊಯ್ದ ಹಾಗೆ ಕಾಣ್ತಿದ್ದವು.

– ಪಟ್ಟಿಯಿಂದಲೇ ಎಲ್ಲ ಶುರುವಾಗೋದು. ಮುಂಬೈಯಲ್ಲಿ 1995ರಲ್ಲಿ ನಿಯಮ ಬಂತು, ನಮ್ಮ ದೇಶದಲ್ಲಿ ಒಂದು ಇಡೀ ನಗರಕ್ಕೆ ಅಂಥದ್ದು ಅದೇ ಮೊದಲು. ಕಟ್ಟಡಗಳ ಪಟ್ಟಿ ಮಾಡಿ ದರ್ಜೆ ಕೊಟ್ಟರು. ಒಂದನೇ ದರ್ಜೆಯದಕ್ಕೆ ಕೈ ಹಚ್ಚುವ ಹಾಗಿಲ್ಲ, ಗಟ್ಟಿ ಮಾಡಲಿಕ್ಕೆ ಎಷ್ಟು ಬೇಕೋ ಅಷ್ಟೇ. ಎರಡನೆಯದರಲ್ಲಿ ಒಳಗೆ ಬದಲಾಯಿಸಬಹುದು, ಹೊರಮುಖ ಉಳೀಬೇಕು. ಮೂರನೆಯದರಲ್ಲಿ ಇನ್ನೂ ಸಡಿಲ, ಬೀದಿಯ ಚಹರೆ ಕೆಡದಿದ್ದರೆ ಆಯ್ತು. ಬದಲಾವಣೆ ಬೇಕಾದವರು ಪಾಲಿಕೆಗೆ ಅರ್ಜಿ ಹಾಕ್ತಾರೆ, ಪಾಲಿಕೆ ಕಮಿಷನರು ಪಾರಂಪರಿಕ ಸಮಿತಿಯ ಅಭಿಪ್ರಾಯ ಕೇಳ್ತಾರೆ. ಸಮಿತಿಯಲ್ಲಿ ವಾಸ್ತುಶಿಲ್ಪಿ, ಇಂಜಿನಿಯರು, ಇತಿಹಾಸ ಬಲ್ಲವರು ಇರ್ತಾರೆ.

– ನಮ್ಮ ರಾಜ್ಯದಲ್ಲಿ?

– 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಆವರಣ ಅಂತ ವ್ಯಾಖ್ಯೆ ಸೇರಿಸಿದ್ದಾರೆ. ಮೈಸೂರಿನಲ್ಲಿ ಡಿಸಿಯವರ ಅಧ್ಯಕ್ಷತೆಯಲ್ಲಿ ಪಾರಂಪರಿಕ ಸಮಿತಿ ಇದೆ. ಅಲ್ಲಿ ಒಂದು ದುಃಖದ ಕಥೆಯೂ ಇದೆ. ಲ್ಯಾನ್ಸ್‌ಡೌನ್ ಕಟ್ಟಡ ಗೊತ್ತಲ್ಲ, ಹಳೇ ಪುಸ್ತಕದಂಗಡಿಗಳಿದ್ದದ್ದು?

– ಡಿ.ಎಡ್. ಓದುವಾಗ ನಾನೂ ಹೋಗಿದ್ದೆ. ವ್ಯಾಕರಣದ ಪುಸ್ತಕ ಕೊಂಡದ್ದು ಅಲ್ಲೇ.

– 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಎದುರಿನ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಕೆಡವಿ ಕಟ್ಟೋಣ ಅಂತ ಒಂದು ಕಡೆಯ ತಜ್ಞರು, ಉಳಿಸಿಕೊಳ್ಳಬಹುದು ಅಂತ ಇನ್ನೊಂದು ಕಡೆಯವರು. ವರದಿ, ಸಭೆ, ಕೋರ್ಟು ಅಂತ ವರ್ಷಗಳು ಹೋದವು. ಅಷ್ಟೂ ಕಾಲ ಮದ್ರಾಸು ತಾರಸಿಯ ತೊಲೆಗಳಿಗೆ ನೀರು ಇಳೀತಾನೇ ಇತ್ತು. ಮಾಡಿನ ಮೇಲೆ ಬೆಳೆದ ಆಲದ ಸಸಿ ಕೀಳಲಿಕ್ಕೆ ಸಮಿತಿಯ ತೀರ್ಮಾನ ಯಾಕೆ ಬೇಕು ಹೇಳಿ. ನಿಮ್ಮ ಆಳುಗಳು ಈಗ ಮೇಲೆ ಮಾಡ್ತಿದ್ದಾರಲ್ಲ, ಅಷ್ಟೇ ಕೆಲಸ. ಪ್ರತಿ ಮೇ ತಿಂಗಳಲ್ಲಿ ಅದನ್ನ ಯಾರಾದರೂ ಮಾಡಿದ್ದಿದ್ದರೆ.

– ಬಡವರ ಮನೆಯ ಮಾತಿಗೆ ಬಾ. ಮುಂಬೈ, ಮೈಸೂರು ಅಂದರೆ ದೊಡ್ಡ ಕಟ್ಟಡಗಳಾದವು. ಈ ಚಂದ ಕಾಯುವ ನಿಯಮದ ಭಾರವನ್ನ ಕೊನೆಗೆ ಹೊರುವವರು ಯಾರು? ಹಂಪಿಯ ಪೇಟೆಬೀದಿಗೆ ನಾನು ಐದಾರು ಸಲ ಮಕ್ಕಳನ್ನ ಕರಕೊಂಡು ಹೋಗಿದ್ದೇನೆ. ವಿರೂಪಾಕ್ಷನ ಎದುರಿಗೆ ಆ ಉದ್ದ ಮಂಟಪಗಳು, ಒಳಗೆ ಅಂಗಡಿ, ಹಿಂದೆ ಸಂಸಾರ. ಕಲ್ಲಿನ ಕಂಬಕ್ಕೆ ಒರಗಿ ಕೂತು ಮಿರ್ಚಿ ಮಂಡಕ್ಕಿ ತಿಂದದ್ದು ಮಕ್ಕಳಿಗೆ ವಿಜಯನಗರದ ಪಾಠಕ್ಕಿಂತ ಚಲೋ ನೆನಪಿದೆ. ಒಬ್ಬ ಅಜ್ಜಿ ಪ್ರತಿ ಸಲ ನಮ್ಮ ಹುಡುಗಿಯರಿಗೆ ಒಂದೊಂದು ಹೆಚ್ಚಿಗೆ ಮಿರ್ಚಿ ಹಾಕೋಳು. ಆಮೇಲೆ ಒಂದು ಸಲ ಹೋದರೆ ಎಲ್ಲ ಬಯಲು.

– 2011ರ ಜುಲೈ 29. ಮುನ್ನೂರಕ್ಕೂ ಮಿಕ್ಕಿ ಕುಟುಂಬ. ಬುಲ್ಡೋಜರು ತಂದು ತೆಗೆದರು. ಎಷ್ಟೋ ವರ್ಷದ ಮೇಲೆ ಕಡ್ಡಿರಾಂಪುರದಲ್ಲಿ ಜಾಗದ ವ್ಯವಸ್ಥೆ ಆಯ್ತು.

– ಅದು ಸರಿಯಾ?

– ಸರಿ ಅಲ್ಲ. ಆದರೆ ಅದರ ಹಿಂದಿನ ಮೂವತ್ತು ನಲವತ್ತು ವರ್ಷವೂ ಸರಿ ಇರಲಿಲ್ಲ ಅಕ್ಕೋರೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಹತ್ತಿರ ಹೊಳೆಗೆ ಕಟ್ಟಲು ಹೊರಟ ಸೇತುವೆಗಳ ಕಾರಣಕ್ಕೆ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿ 2006ರಲ್ಲಿ ಹೊರಬಂತು. ಹಂಪಿಗೇ ಅಂತ ಒಂದು ಪ್ರಾಧಿಕಾರ ಬೇಕೆಂದು ಕಾಯ್ದೆ ಆದದ್ದು 2002ರಲ್ಲಿ. ಅಷ್ಟರೊಳಗೆ ಮಂಟಪಗಳ ಕಂಬದ ನಡುವೆ ಇಟ್ಟಿಗೆ ಗೋಡೆ ಬಂದಿತ್ತು, ಕಲ್ಲಿನ ಚಪ್ಪಡಿಯ ಮೇಲೆ ಕಾಂಕ್ರೀಟಿನ ಮಹಡಿ ಎದ್ದಿತ್ತು. ಮೊದಲ ಇಟ್ಟಿಗೆ ಇಟ್ಟ ದಿನ ಯಾರಾದರೂ ಬಂದು, ಅಜ್ಜೀ, ಅಂಗಡಿ ನಡೆಸಿ, ಕಂಬಕ್ಕೆ ಸಿಮೆಂಟು ಹಚ್ಚಬೇಡಿ, ಮರದ ಹಲಗೆಯಲ್ಲಿ ತಡಿಕೆ ಮಾಡಿಕೊಳ್ಳಿ, ರಾತ್ರಿ ತೆಗೆದಿಡಿ ಅಂತ ಹೇಳಿದ್ದರೆ? ಒಂದು ತಲೆಮಾರು ಯಾರೂ ಮಾತೇ ಆಡಲಿಲ್ಲ. ಆಡಿದ ದಿನ ಯಂತ್ರವೇ ಬಂತು. ಪರಿಶೀಲನೆ ಅನ್ನೋದು ಬಡವನ ಮೇಲಿನ ಭಾರ ಅಂತ ನೀವು ಅಂದಿರಿ. ಅದು ಇಲ್ಲದಿದ್ದದ್ದೇ ಆ ಅಜ್ಜಿಯ ಅಂಗಡಿಗೆ ಮುಳುವಾಯ್ತು ಅಂತ ನಾನು ಅಂದುಕೊಂಡಿದ್ದೇನೆ.

– ಹೂಂ. ಈ ಮಾತು ಹೌದು.

– ಈಗ ನಿಮ್ಮ ಮನೆಯದೇ ತೋರಿಸ್ತೇನೆ, ಏಳಿ. ಈ ಕೋಣೆ 2019ರ ನೆರೆಯಲ್ಲಿ ಮುಳುಗಿತ್ತಲ್ಲ?

– ಕಿಟಕಿಯ ದಾಸಿನ ತನಕ ಗಂಗಾವಳಿ ಬಂದಿದ್ದಳು. ಗೆರೆ ಇನ್ನೂ ಇದೆ ನೋಡು, ಬಾಗಿಲ ಪಡಿಯ ಮೇಲೆ. ನೀರಿಳಿದ ಮೇಲೆ ಗೋಡೆಯೆಲ್ಲ ಉದುರ್ತಿತ್ತು. ಗಟ್ಟಿ ಆಗಲಿ ಅಂತ ಸಿಮೆಂಟಿನ ಗಿಲಾಯಿ ಮಾಡಿಸಿದೆ.

– ಬೆರಳಿನ ಗೆಣ್ಣಿನಿಂದ ಬಡಿದು ನೋಡಿ. ಇಲ್ಲಿ. ಇಲ್ಲೂ.

– ಟೊಳ್ಳು ಸದ್ದು.

– ಒಳಗೆ ಚಿರೆಕಲ್ಲು. ಚಿರೆಕಲ್ಲು ಮಳೆಗಾಲದಲ್ಲಿ ನೀರು ಕುಡೀತದೆ, ಬೇಸಿಗೆಯಲ್ಲಿ ಬಿಡ್ತದೆ. ಮೇಲಿನ ಗಾರೆ ಸುಣ್ಣದ್ದಾಗಿದ್ದರೆ ಆ ಪಸೆ ಹೊರಗೆ ಬರ್ತದೆ. ಸಿಮೆಂಟು ಅದನ್ನ ಒಳಗೇ ಹಿಡಿದಿಡ್ತದೆ. ಪಸೆಯ ಜೊತೆ ಉಪ್ಪು. ಉಪ್ಪು ಹರಳುಗಟ್ಟಿ ಕಲ್ಲಿನ ಮುಖವನ್ನೇ ದೂಡ್ತದೆ. ಈ ಉಬ್ಬು ನೋಡಿ, ಒಂದು ಕೈಯಗಲ ಇದೆ. ಇದನ್ನ ಕೆತ್ತಿದರೆ ಸಿಮೆಂಟು ಒಂದೇ ಬರೋದಿಲ್ಲ, ಅರ್ಧ ಇಂಚು ಕಲ್ಲನ್ನೂ ಕಿತ್ತುಕೊಂಡು ಬರ್ತದೆ. ಜಗಲಿಯ ಗೋಡೆ ನೋಡಿ, ಅದೂ ಅದೇ ನೆರೆಯಲ್ಲಿ ನಿಂತದ್ದು. ಅದಕ್ಕೆ ಹಳೇ ಚಿಪ್ಪಿನ ಸುಣ್ಣದ ಗಾರೆ, ಏನೂ ಆಗಿಲ್ಲ.

– ನನ್ನ ಅತ್ತೆ ಬಳಚಿನ ಚಿಪ್ಪು ಸುಡಿಸಿ ಸುಣ್ಣ ಮಾಡಿಸೋರು. ಬೆಲ್ಲದ ನೀರು ಹಾಕಿ ಕೊಳೆಸೋರು. ಆ ದಿನ ಗಿಲಾಯಿಯವನು ಸಿಮೆಂಟು ಚೀಲ ಹೊತ್ತು ಬಂದಾಗ ಒಬ್ಬರಾದರೂ ಬೇಡ ಅಂದಿದ್ದರೆ ನಾನು ಕೇಳ್ತಿದ್ದೆ ತಮಾ. ಹಣವೂ ಉಳೀತಿತ್ತು.

– ಬೇಡ ಅನ್ನೋದರ ಜೊತೆ ಏನು ಬೇಕು ಅಂತಲೂ ಹೇಳುವವರು ಬೇಕು. ಅಮೆರಿಕದ ಚಾರ್ಲ್ಸ್‌ಟನ್ ಅಂತ ಊರು, ನಮ್ಮ ಹಾಗೇ ಕಡಲ ಬದಿ, ಹೊಳೆ ಸೇರುವ ತಗ್ಗು ಜಾಗ. ಆ ದೇಶದಲ್ಲಿ ಹಳೇ ಪೇಟೆ ಕಾಯುವ ನಿಯಮ ಮೊದಲು ಆದದ್ದು ಅಲ್ಲಿ, 1931ರಲ್ಲಿ. ಒಂದು ಮಂಡಳಿ ಕೂರ್ತದೆ, ಬೀದಿಗೆ ಕಾಣುವ ಬದಲಾವಣೆ ಏನೇ ಇದ್ದರೂ ಅದರ ಮುಂದೆ ಬರಬೇಕು. ಇತ್ತೀಚೆಗೆ ಅಲ್ಲಿ ಮೇಲಿಂದ ಮೇಲೆ ನೆರೆ. ಜನ ಮನೆಯನ್ನೇ ಎತ್ತರಿಸಬೇಕು ಅಂದರು. ಹಳೇ ಮನೆ ಎತ್ತಿದರೆ ಬೀದಿಯ ಸಾಲೇ ಕೆಡ್ತದೆ, ಆ ಮಂಡಳಿಗೆ ಅದು ಸುಲಭದ ಮಾತಾಗಿರಲಿಲ್ಲ. ಆದರೂ 2019ರಲ್ಲಿ ಎತ್ತರಿಸುವ ರೀತಿಗೇ ಮಾರ್ಗಸೂಚಿ ತಂದರು. ಮೆಟ್ಟಿಲು ಹೇಗೆ ತಿರುಗಿಸಬೇಕು, ಅಡಿಪಾಯದ ಎತ್ತರವನ್ನ ಕಣ್ಣಿಗೆ ಹೊಡೆಯದ ಹಾಗೆ ಹೇಗೆ ಮಾಡಬೇಕು, ಹೀಗೆ. ನಮಗೆ ಇಲ್ಲಿ ನೆರೆ ಬಂದದ್ದೂ ಅದೇ 2019ರಲ್ಲಿ.

– ನ್ಯೂಯಾರ್ಕಿನಂಥ ಊರಿನಲ್ಲೂ ಹೀಗೆ ಕೇಳ್ತಾರಾ?

– ಸಂರಕ್ಷಿತ ಕಟ್ಟಡವಾದರೆ ಕಿಟಕಿ ಬದಲಿಸಲಿಕ್ಕೂ ಕೇಳಬೇಕು. ಅಲ್ಲಿ ಪೆನ್ಸಿಲ್ವೇನಿಯಾ ಸ್ಟೇಶನ್ ಅಂತ ಭಾರಿ ರೈಲು ನಿಲ್ದಾಣ ಇತ್ತು, 1963ರಲ್ಲಿ ಕೆಡವಲಿಕ್ಕೆ ಶುರು ಮಾಡಿದರು. ಊರೇ ಮರುಗಿತು, 1965ರಲ್ಲಿ ಕಾಯ್ದೆ ಬಂತು. ಆ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ್ದು ಇಷ್ಟು. ಸಣ್ಣ ಪುಟ್ಟ ದುರಸ್ತಿಯನ್ನ ಕಚೇರಿಯ ಸಿಬ್ಬಂದಿಯೇ ನೋಡಿ ಅನುಮತಿ ಕೊಟ್ಟು ಕಳಿಸ್ತಾರೆ, ಬಹುಪಾಲು ಅರ್ಜಿ ಅಲ್ಲೇ ಮುಗೀತದೆ. ದೊಡ್ಡ ಬದಲಾವಣೆ ಮಾತ್ರ ಆಯೋಗದ ಮುಂದೆ ಹೋಗ್ತದೆ. ಅದು ಬಹಿರಂಗ ವಿಚಾರಣೆ. ಪಕ್ಕದ ಮನೆಯವರೂ ಬಂದು ಮಾತಾಡಬಹುದು. ಆಗಲಿ ಅಂದರೂ ಬೇಡ ಅಂದರೂ ಕಾರಣ ಬರೆದು ಕೊಡ್ತಾರೆ. ಅಷ್ಟು ದೂರ ಯಾಕೆ, ಪಣಜಿಯ ಫೊಂಟೇನಾಸಿಗೆ ನೀವು ಹೋಗಿದ್ದೀರಲ್ಲ. ಆ ಹಳದಿ, ನೀಲಿ ಮನೆಗಳ ಕೇರಿ ತಾನಾಗಿ ಹಾಗೆ ಉಳಿದದ್ದಲ್ಲ. ಅದು ಸಂರಕ್ಷಿತ ವಲಯ, ಬದಲಾವಣೆಗೆ ಒಪ್ಪಿಗೆ ತಗೊಳ್ಳಬೇಕು. ಅಲ್ಲಿ ಜನ ಇನ್ನೂ ವಾಸ ಮಾಡ್ತಾರೆ, ಅದು ಮುಖ್ಯ.

– ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ಜೋಡಿಸಿದ್ದನ್ನ ನೋಡಿಕೊಂಡು ಬಂದಿದ್ದೇನೆ. ಆ ಮನುಷ್ಯನಿಗೆ ಕೈಮುಗೀಬೇಕು, ಇಲ್ಲದಿದ್ದರೆ ಅವೆಲ್ಲ ಸೌದೆಯಾಗಿ ಹೋಗ್ತಿದ್ದವು. ಆದರೆ ಹೊರಗೆ ಬರುವಾಗ ಹೊಟ್ಟೆಯಲ್ಲಿ ಸಂಕಟ ಆಯ್ತು. ಅಷ್ಟು ಮನೆ, ಒಂದರಲ್ಲೂ ಒಲೆ ಉರೀತಿಲ್ಲ. ನನ್ನ ತವರು ಹಾಗೆ ಉಳಿಯೋದು ನನಗೆ ಬೇಡ. ತಮ್ಮ ಅಲ್ಲಿರಬೇಕು, ಅವನ ಸೊಸೆಗೆ ಬೇಕಾದ ಹಾಗೆ ಅಡಿಗೆಮನೆ ಇರಬೇಕು, ರಥ ಬಂದಾಗ ಜಗಲಿಯಲ್ಲಿ ನಿಂತು ಹಣ್ಣುಕಾಯಿ ಕೊಡಬೇಕು.

– ಅರ್ಜಿಯ ನಕಲು ಇದೆಯಾ?

– ಇದೆ, ತರಿಸಿಟ್ಟಿದ್ದೇನೆ. ತಗೋ. ಪೇಟೆಯಲ್ಲಿ ಒಬ್ಬ ಅರ್ಜಿ ಬರೆಯುವವನಿಂದ ಬರೆಸಿದ್ದು. ನೂರೈವತ್ತು ರೂಪಾಯಿ ತಗೊಂಡನಂತೆ.

– ... ಅಕ್ಕೋರೆ, ಇದರಲ್ಲಿ ಏನು ಬರೆದಿದೆ ನೋಡಿದ್ದೀರಾ? ‘ಸದರಿ ಹಳೆಯ ಮನೆಯು ಶಿಥಿಲಗೊಂಡಿದ್ದು, ಅದನ್ನು ತೆಗೆದು ಅದೇ ಜಾಗದಲ್ಲಿ ಹೊಸದಾಗಿ ಕಟ್ಟಿಕೊಳ್ಳಲು ಅನುಮತಿ ಕೊಡಬೇಕೆಂದು’.

– ಹೊಸದಾಗಿ?

– ಹೊಸದಾಗಿ. ತೆಗೆದು, ಹೊಸದಾಗಿ. ನೂರು ಮೀಟರಿನೊಳಗೆ ಈ ಎರಡು ಶಬ್ದ ಇದ್ದರೆ ಯಾವ ಅಧಿಕಾರಿಯೂ ಸಹಿ ಹಾಕಲಾರ, ಹಾಕಬೇಕೆಂದು ಮನಸ್ಸಿದ್ದರೂ. ಮನೆ ಯಾವ ಇಸವಿಯದು ಅಂತ ದಾಖಲೆ ಇಲ್ಲ, ಅಳತೆ ಇಲ್ಲ, ಫೋಟೋ ಇಲ್ಲ.

– ಅವನಿಗೆ ಬೇಕಾದದ್ದು ಒಂದು ಗೋಡೆ. ಒಂದೇ ಒಂದು ಗೋಡೆ. ಈ ಶಬ್ದ ತಪ್ಪಾಯ್ತು ಅಂತ ಒಂದು ಪೋಸ್ಟ್ ಕಾರ್ಡು ಬರೆಯಲಿಕ್ಕೆ ಯಾರಿಗೂ ಆಗಲಿಲ್ಲವಾ? ಒಂದನೇ ತರಗತಿಯ ಮಗು ತಪ್ಪು ಬರೆದರೂ ಕೆಳಗೆ ಗೆರೆ ಹಾಕಿ ಸರಿಯಾದದ್ದನ್ನ ಬರೆದು ಕೊಡ್ತಿದ್ದೆ ನಾನು. ತಪ್ಪು ಇದೆ ಅಂತ ಪಾಟಿಯನ್ನ ಮೂರು ವರ್ಷ ಕಪಾಟಿನಲ್ಲಿ ಇಟ್ಟುಕೊಂಡವಳಲ್ಲ.

– ಕಾಯ್ದೆಯೂ ಹಾಗೆ ಇಟ್ಟುಕೊಳ್ಳಿ ಅಂತ ಹೇಳೋದಿಲ್ಲ. ಅರ್ಜಿ ಬಂದ ಹದಿನೈದು ದಿನದಲ್ಲಿ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ಹೇಳಬೇಕು, ಆಮೇಲೆ ಒಂದು ತಿಂಗಳಲ್ಲಿ ಹೌದು ಅಥವಾ ಇಲ್ಲ. ಒಟ್ಟು ನಾಲ್ಕು ತಿಂಗಳೂ ಆಗೋದಿಲ್ಲ. ಒಂದು ಮಳೆಗಾಲದ ಅವಧಿ.

– ಪುಸ್ತಕ ತಾ. ಹೊಸ ಅರ್ಜಿ ನಾನೇ ಬರೀತೇನೆ. ಶಬ್ದ ನೀನು ಹೇಳು.

– ‘ದುರಸ್ತಿ’ ಅಂತ ಬರೀರಿ. ಮನೆ 1992ರ ಜೂನ್ 16ಕ್ಕೂ ಮೊದಲಿನದು ಅಂತ ಬರೀರಿ; ಹಳೇ ಮನೆಪಟ್ಟಿ ರಸೀದಿ, ಪಹಣಿ, ಕರೆಂಟಿನ ಬಿಲ್ಲು ಯಾವುದಿದ್ದರೂ ಲಗತ್ತಿಸಬೇಕು. ಬಡಗಣ ಗೋಡೆ ಒಂದನ್ನೇ, ಇದ್ದ ಉದ್ದ, ಇದ್ದ ದಪ್ಪ, ಇದ್ದ ಎತ್ತರಕ್ಕೆ, ಮಣ್ಣಿನಲ್ಲೇ ಸರಿಪಡಿಸುವುದು. ಮಾಡಿನ ಎತ್ತರ, ಹಂಚು, ಜಗಲಿ ಯಾವುದಕ್ಕೂ ಕೈ ಹಚ್ಚುವುದಿಲ್ಲ. ಅಡಿಗೆಮನೆಯ ಬದಲಾವಣೆ ಒಳಗಡೆಯದು, ಅದನ್ನ ಬೇರೆ ವಾಕ್ಯದಲ್ಲಿ ಹೇಳೋಣ, ಮುಚ್ಚಿಡೋದು ಬೇಡ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಅಲ್ಲಿಗೆ ಹೋಗ್ತೇನೆ. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದು, ಅಳತೆ ಹಾಕಿ ನಕ್ಷೆ ಮಾಡಿ ಕೊಡ್ತೇನೆ.

– ಅಳತೆ ಹಾಕುವಾಗ ಪಕ್ಕದ ಮನೆಯವರ ಮುಂದೆ ದೊಡ್ಡ ಮಾತು ಬೇಡ. ಅವರೂ ಕೆಟ್ಟವರಲ್ಲ. ಮಗಳ ಮದುವೆ ಇತ್ತು, ಕಾಯಲಿಕ್ಕೆ ಆಗಲಿಲ್ಲ. ಆಮೇಲೆ ಈ ಮನೆಯದೂ ಒಂದು ನಕ್ಷೆ ಮಾಡು. ಇದನ್ನ ಯಾವ ಕಾಯ್ದೆಯೂ ಕೇಳೋದಿಲ್ಲ, ನಾನು ಕೇಳ್ತಿದ್ದೇನೆ. ಶಾಲೆಯ ದೊಡ್ಡ ಮಕ್ಕಳನ್ನ ಕರೆದು ಟೇಪು ಹಿಡಿಸು. ಅಗಸೂರಿನಲ್ಲಿ ನೂರು ದಾಟಿದ ಮನೆ ಎಷ್ಟಿವೆ ಅಂತ ಅವರೇ ಬರೆದು ಪಂಚಾಯ್ತಿಗೆ ಒಂದು ಪ್ರತಿ ಕೊಡಲಿ.

– ಮಳೆಯ ಮೊದಲು ಆಗಲಿಕ್ಕಿಲ್ಲ. ದಸರೆ ರಜೆಗೆ ಬರ್ತೇನೆ.

– ಬಾ. ಮೇಲಿನವರಿಗೆ ಚಾ ಆಯ್ತು ಅಂತ ಕೂಗಿ ಹೇಳು. ಇಲ್ಲಿ ಇನ್ನೆರಡು ದಿನದಲ್ಲಿ ಹಂಚು ಮುಗೀತದೆ. ಅರ್ಜಿ ಈ ವಾರವೇ ಹೋದರೂ ನಾಲ್ಕು ತಿಂಗಳು ಅಂದರೆ ಸೆಪ್ಟೆಂಬರ್ ಕೊನೆ. ತಮ್ಮನ ಮನೆಯ ಬಡಗಣ ಗೋಡೆಗೆ ಈ ಮಳೆಗಾಲಕ್ಕೂ ತಾಡಪಾಲೇ.